ಟೆಕ್ಸಾಸಿನ ಜಾತ್ರೆಯಲ್ಲಿ ನಾವು ನಾಲ್ವರು

ಜಾತ್ರೆಯೆಂದರೆ ದೇವರು, ತೇರು, ಬೆಂಡುಬತ್ತಾಸು ಎಂದು ತಿಳಿದ ನಮಗೆ ದೇವರೂ ಇಲ್ಲದ, ತೇರೂ ಇಲ್ಲದ ಜಾತ್ರೆಯನ್ನು ಊಹಿಸಿಕೊಳ್ಳುವುದು ಸುಲಭವಲ್ಲ. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ರಾಜಧಾನಿಯಾದ ಆಸ್ಟಿನ್ ನಗರದಲ್ಲಿ ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಿನಲ್ಲಿ, ಅಂಥದೊಂದು ಜಾತ್ರೆ ನೆರೆಯುತ್ತದೆ. ಅದರ ಹೆಸರು ‘ಸೌತ್ ಬೈ ಸೌತ್‌ವೆಸ್ಟ್’. ಹಿಚ್‌ಕಾಕನು ೧೯೫೯ರಲ್ಲಿ ತೆಗೆದ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರವನ್ನು ನೋಡಿದವರಿಗೆ ಈ ಹೆಸರಿನ ಚೇಷ್ಟೆ ಹೊಳೆಯುತ್ತದೆ. ನಾವಿಕರ ದಿಕ್ಸೂಚಿಯಲ್ಲಿ ಹುಡುಕಿದರೆ ಆ ದಿಕ್ಕೂ ಸಿಕ್ಕದು, ಈ ದಿಕ್ಕೂ ಸಿಕ್ಕದು.

೧೯೮೭ರಲ್ಲಿ ಊರಿನ ‘ಆಸ್ಟಿನ್ ಕ್ರಾನಿಕಲ್’ ಪತ್ರಿಕೆಗೆ ಸೇರಿದ ಕೆಲವರೂ ಅವರ ಗೆಳೆಯರೂ ಕೂಡಿ ತಮ್ಮ ಊರಿನ ಹಾಡುಗಾರರನ್ನು ಹೊರಗಿನವರಿಗೆ ಪರಿಚಯಿಸೋಣವೆಂದು ಇದನ್ನು ಆರಂಭಿಸಿದರು. ನೂರೈವತ್ತು ಜನ ಬಂದರೆ ಹೆಚ್ಚೆಂದು ಎಣಿಸಿದ್ದರಂತೆ. ಬಂದವರು ಏಳುನೂರು ಜನ. ೧೯೯೪ರಲ್ಲಿ ಸಂಗೀತದ ಜೊತೆಗೆ ಚಲನಚಿತ್ರವೂ ಗಣಕಯಂತ್ರದ ಕಲೆಗಳೂ ಸೇರಿಕೊಂಡುವು. ಆ ಮೇಲೆ ಬೆಳೆದದ್ದು ಹೊಳೆಯ ಪ್ರವಾಹದಂತೆ. ೨೦೦೭ರಲ್ಲಿ ಟ್ವಿಟರ್ ಎಂಬ, ಆಗಿನ್ನೂ ಹೆಚ್ಚು ಜನ ಕೇಳಿರದ ಸಂದೇಶ ಸಾಧನದ ಮಾತುಗಳನ್ನು ಇಲ್ಲಿಯ ಮೊಗಸಾಲೆಗಳಲ್ಲಿ ದೊಡ್ಡ ಪರದೆಗಳ ಮೇಲೆ ಹರಿಸಿದರು. ಅಲ್ಲಿಂದಲೇ ಅದರ ಭಾಗ್ಯ ತೆರೆಯಿತು. ೨೦೨೦ರ ಮಾರ್ಚ್ ೬ರಂದು, ಉತ್ಸವಕ್ಕೆ ಇನ್ನು ಒಂದೇ ವಾರವಿರುವಾಗ, ಮಹಾಮಾರಿಯ ಭಯದಿಂದ ನಗರಾಡಳಿತವು ಅದನ್ನು ನಿಲ್ಲಿಸಿತು. ಮೂವತ್ತನಾಲ್ಕು ವರ್ಷಗಳಲ್ಲಿ ತೇರು ನಿಂತದ್ದು ಅದೇ ಮೊದಲು. ತೇರಿಲ್ಲವೆಂದು ಈಗ ತಾನೆ ಹೇಳಿದೆ. ಆದರೂ ಬೇರೆ ಮಾತು ದೊರೆಯದು.

೨೦೨೪ರ ಮಾರ್ಚ್ ೮ರಿಂದ ೧೬ರ ವರೆಗೆ ನಡೆದ ಉತ್ಸವಕ್ಕೆ ನಾವು ನಾಲ್ವರು ಬೆಂಗಳೂರಿನಿಂದ ಹೊರಟೆವು. ನಮ್ಮದು ಬಸವನಗುಡಿಯ ಕಡೆಯ ಒಂದು ಸಣ್ಣ ಸಂಸ್ಥೆ. ಶಾಲೆಯ ಮಕ್ಕಳಿಗಾಗಿ ಚಿತ್ರಪಾಠಗಳನ್ನು ಸಿದ್ಧಪಡಿಸುವುದು ಅದರ ಕಸುಬು. ಪಾಠಗಳನ್ನು ಬರೆಯುವವನು ನಾನು. ಅವುಗಳನ್ನು ಪರದೆಯ ಮೇಲೆ ಆಡಿಸುವವಳು ನಮ್ಮ ಇಂಜಿನಿಯರ್ ತರುಣಿ. ಇಪ್ಪತ್ತಾರರ ವಯಸ್ಸು, ಮಾತು ಕಡಮೆ, ಬುದ್ಧಿ ಚುರುಕು. ಮೂರನೆಯವರು ಸಂಸ್ಥೆಯ ಮುಖ್ಯಸ್ಥರು. ನಾಲ್ಕನೆಯವರು ಚಿತ್ರ ವಿಭಾಗದ ಹಿರಿಯರು. ದಾವಣಗೆರೆಯ ಕಲಾಶಾಲೆಯಲ್ಲಿ ಕಲಿತು, ಕೆಲಕಾಲ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟು ಬಂದವರಾದ್ದರಿಂದ ಕಚೇರಿಯ ಜವಾನನಿಂದ ಮುಖ್ಯಸ್ಥರವರೆಗೆ ಎಲ್ಲರೂ ಅವರನ್ನು ‘ಮೇಷ್ಟ್ರು’ ಎಂದೇ ಕರೆಯುವರು.

ಮೇಷ್ಟ್ರು ನಮ್ಮೊಡನೆ ಹೊರಟದ್ದಕ್ಕೆ ಒಂದು ಕಾರಣವಿತ್ತು. ಮಾತಿನಲ್ಲಿ ಹೇಳಿದರೆ ಚಿತ್ರ ಬರೆದುಕೊಡುವ ಯಂತ್ರಗಳು ಬಂದಿದ್ದುವಷ್ಟೆ. ಅದರ ತಿಂಗಳ ಚಂದಾ ಒಬ್ಬ ಚಿತ್ರಕಾರನ ಒಂದು ದಿನದ ಸಂಬಳಕ್ಕಿಂತ ಹೆಚ್ಚಿರಲಿಲ್ಲ. ನಮ್ಮ ಚಿತ್ರ ವಿಭಾಗದಲ್ಲಿ ಮೇಷ್ಟ್ರೂ ಸೇರಿ ಎಂಟು ಜನ. ಮುಖ್ಯಸ್ಥರು ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕರೆದು, “ಮೇಷ್ಟ್ರೇ, ನೀವೂ ಬನ್ನಿ. ಆ ಯಂತ್ರಗಳನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಹಿಂದಿರುಗಿದ ಮೇಲೆ ನಿಮ್ಮ ವಿಭಾಗದ ವಿಷಯ ಒಂದು ತೀರ್ಮಾನಕ್ಕೆ ಬರೋಣ” ಎಂದರು. ಮುಖ್ಯಸ್ಥರು ಕೆಟ್ಟವರಲ್ಲ. ಕೊರೋನಾ ಕಾಲದಲ್ಲಿ ಯಾರ ಸಂಬಳವನ್ನೂ ಅವರು ಕಡಿಯಲಿಲ್ಲ. ಆದರೆ ಲೆಕ್ಕ ಗೊತ್ತಿರುವವರು. ಎಂಟು ಮನೆಗಳ ಅಡಿಗೆಯ ಒಲೆ ಆ ಲೆಕ್ಕದಲ್ಲಿದೆಯೆಂಬುದು ಅವರಿಗೂ ತಿಳಿದಿತ್ತು, ಮೇಷ್ಟ್ರಿಗಂತೂ ತಿಳಿದಿತ್ತು. ಮೇಷ್ಟ್ರು “ಆಗಲಿ, ನೋಡೋಣ” ಎಂದಿಷ್ಟೇ ಹೇಳಿ, ಮರುದಿನ ಗಾಂಧಿಬಜಾರಿನಲ್ಲಿ ಎರಡು ಹೊಸ ಚಿತ್ರಪುಸ್ತಕಗಳನ್ನೂ ಒಂದು ಡಜನ್ ಪೆನ್ಸಿಲ್ಲುಗಳನ್ನೂ ಕೊಂಡರು.

ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಿ ಆಸ್ಟಿನ್ನಿಗೆ ಇಳಿದಾಗ ಸಂಜೆ. ವಿಮಾನಪ್ರಯಾಣದ ವರ್ಣನೆ ಈಗ ಯಾರಿಗೂ ಬೇಕಿಲ್ಲ, ಅದನ್ನು ಬಿಡುತ್ತೇನೆ.

ನಗರದ ನಡುವೆ ಒಂದು ಸಣ್ಣ ದಿಬ್ಬದ ಮೇಲೆ ಸಂಸ್ಥಾನದ ಶಾಸನಭವನ ನಿಂತಿದೆ. ಸೂರ್ಯಾಸ್ತದ ಬಣ್ಣದ ಗ್ರಾನೈಟ್ ಕಲ್ಲಿನ ಕಟ್ಟಡ, ೧೮೮೮ರಲ್ಲಿ ಪೂರ್ತಿಯಾಯಿತು. ಎತ್ತರದಲ್ಲಿ ವಾಷಿಂಗ್ಟನ್ನಿನ ರಾಷ್ಟ್ರಭವನವನ್ನು ಮೀರಿದೆಯೆಂದು ಊರಿನವರು ಎರಡನೆಯ ಮಾತಿನಲ್ಲಿಯೇ ಹೇಳುತ್ತಾರೆ. ನಮ್ಮ ವಿಧಾನಸೌಧವನ್ನು ನೋಡಿದ ಕಣ್ಣಿಗೆ ಇದು ಬೆರಗೇನೂ ಅಲ್ಲವಾದರೂ, ಇದನ್ನು ಕಟ್ಟಿದ ಬಗೆ ಸ್ವಾರಸ್ಯವಾಗಿದೆ. ಬೊಕ್ಕಸದಲ್ಲಿ ಹಣವಿರಲಿಲ್ಲ, ಭೂಮಿ ಬೇಕಾದಷ್ಟಿತ್ತು. ಗುತ್ತಿಗೆದಾರರಿಗೆ ಕೂಲಿಯ ಬದಲು ಮೂವತ್ತು ಲಕ್ಷ ಎಕರೆ ನೆಲವನ್ನೇ ಕೊಟ್ಟುಬಿಟ್ಟರು. ಕಲ್ಲನ್ನು ಸೆರೆಮನೆಯ ಕೈದಿಗಳಿಂದ ಒಡೆಸಿದರು. ಅದಕ್ಕೆ ಕಲ್ಲುಕುಟಿಗರ ಸಂಘ ಸಿಡಿದು ನಿಂತಿತು. ಆಗ ಸ್ಕಾಟ್ಲೆಂಡಿನಿಂದ ಕಲ್ಲುಕುಟಿಗರನ್ನು ಕರೆತಂದರು. “ಕಡಮೆ ಖರ್ಚಿನ ಕೈಗಳನ್ನು ಹುಡುಕುವುದು ಇವತ್ತಿನದಲ್ಲ ನೋಡಿ” ಎಂದರು ಮೇಷ್ಟ್ರು, ಕಲ್ಲಿನ ಮೇಲೆ ಅಂಗೈಯಿಟ್ಟು. ಮುಖ್ಯಸ್ಥರು ಗುಮ್ಮಟದ ಕಡೆಗೆ ನೋಡುತ್ತಿದ್ದರು.

ಉತ್ಸವದ ಪ್ರವೇಶಕ್ಕೆ ಕೊರಳಲ್ಲಿ ಭಾವಚಿತ್ರವುಳ್ಳ ಬಿಲ್ಲೆಯನ್ನು ತೂಗುಹಾಕಿಕೊಳ್ಳಬೇಕು. ಎಲ್ಲ ಬಾಗಿಲುಗಳನ್ನೂ ತೆರೆಯಿಸುವ ಬಿಲ್ಲೆಯ ಬೆಲೆ ಸಾವಿರ ಡಾಲರಿಗೂ ಮಿಗಿಲು. ಬಿಲ್ಲೆ ಕೊಂಡರೂ ಸಾಲು ತಪ್ಪದು. ಯಾವ ಭಾಷಣಕ್ಕೆ ಹೋದರೂ ಸಾಲು, ಯಾವ ಚಿತ್ರಮಂದಿರಕ್ಕೆ ಹೋದರೂ ಸಾಲು. ಆದರೆ ಈ ಸಾಲಿನಲ್ಲಿ ನೂಕುನುಗ್ಗಲಿಲ್ಲ, ಜಗಳವಿಲ್ಲ. ಮುಂದಿನವನು ಬ್ರೆಜಿಲ್ ದೇಶದವನು, ಹಿಂದಿನವಳು ಜಪಾನಿನವಳು. ಅರ್ಧ ಗಂಟೆಯಲ್ಲಿ ಇಬ್ಬರ ಕಸುಬೂ ನಮಗೆ ಬಾಯಿಪಾಠ. ಒಳಗೆ ಕೇಳಿದ ಎಷ್ಟೋ ಭಾಷಣಗಳಿಗಿಂತ ಸಾಲಿನಲ್ಲಿ ಕೇಳಿದ ಮಾತುಗಳಿಂದ ನನಗೆ ದೊರೆತ ತಿಳಿವಳಿಕೆ ಹೆಚ್ಚೆಂದರೆ ಅತಿಶಯೋಕ್ತಿಯಲ್ಲ.

ಮಾರ್ಚ್ ೧೦ ಭಾನುವಾರ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ದೇಶದ ಬಹುಭಾಗದಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಹಗಲಿನ ಬೆಳಕನ್ನು ಉಳಿತಾಯ ಮಾಡುವ ಉಪಾಯವಂತೆ. ಹಿಂದಿನ ದಿನ ಬೆಂಗಳೂರಿಗೂ ಆಸ್ಟಿನ್ನಿಗೂ ಹನ್ನೊಂದೂವರೆ ಗಂಟೆಯ ಅಂತರ, ಬೆಳಗಾಗುವಷ್ಟರಲ್ಲಿ ಹತ್ತೂವರೆ. ಇಂಜಿನಿಯರ್ ತರುಣಿಯ ದೂರವಾಣಿ ತಾನಾಗಿಯೇ ತಿದ್ದಿಕೊಂಡಿತು. ಮುಖ್ಯಸ್ಥರ ಕೈಗಡಿಯಾರ, ಅವರ ತಂದೆ ಕೊಟ್ಟ ಎಚ್.ಎಂ.ಟಿ., ಅಮೆರಿಕದ ಕಾನೂನಿಗೆ ಮಣಿಯಲಿಲ್ಲ. ಅವರು ಉಪಾಹಾರದ ಕೋಣೆಗೆ ಇಳಿದು ಬರುವ ವೇಳೆಗೆ ಕಾಫಿಯ ಪಾತ್ರೆಗಳನ್ನು ತೊಳೆಯುತ್ತಿದ್ದರು.

ಊಟದ ಮಾತು ಬಂದಾಗ ಹೇಳಿಬಿಡುತ್ತೇನೆ. ಮಾಂಸಪ್ರಿಯರಿಗೆ ಈ ಊರು ಸ್ವರ್ಗ. ಗಂಟೆಗಟ್ಟಲೆ ಹೊಗೆಯಲ್ಲಿ ಬೇಯಿಸಿದ ದನದ ಮಾಂಸಕ್ಕೆ ಜನ ಬೆಳಗಿನಿಂದ ಕಾದು ನಿಲ್ಲುತ್ತಾರೆ. ಮೇಷ್ಟ್ರೂ ನಾನೂ ಸಸ್ಯಾಹಾರಿಗಳು. ಮೆಕ್ಸಿಕೋ ದೇಶದವರು ಜೋಳದ ಹಿಟ್ಟಿನಿಂದ ಮಾಡುವ ಟಾಕೋ ಎಂಬ ಮಡಿಸಿದ ರೊಟ್ಟಿ ನಮ್ಮನ್ನು ಕಾಪಾಡಿತು. ಜೋಳವೆಂದರೆ ನಮ್ಮ ಬಿಳಿಜೋಳವಲ್ಲ, ಮುಸುಕಿನ ಜೋಳ. ಒಳಗೆ ಕಾಳಿನ ಪಲ್ಯ, ಮೇಲೆ ಹಸಿಮೆಣಸಿನಕಾಯಿಯ ಚಟ್ನಿ. ಕಾಳನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವುದೂ ಉಂಟಾದ್ದರಿಂದ ಪ್ರತಿ ಅಂಗಡಿಯಲ್ಲೂ ಕೇಳಿಯೇ ತಿನ್ನಬೇಕು. ಕೇಳಿದರೆ ಯಾರೂ ಬೇಸರಪಡಲಿಲ್ಲ.

ಯಂತ್ರಗಳ ಪ್ರದರ್ಶನ ನಡೆದದ್ದು ೧೯೯೨ರಲ್ಲಿ ತೆರೆದಿದ್ದ ಬೃಹತ್ ಸಮ್ಮೇಳನ ಭವನದಲ್ಲಿ. ಆ ಭವನವನ್ನು ಈಗ ನೋಡಲಾಗದು. ಹೊಸದನ್ನು ಕಟ್ಟುವುದಕ್ಕಾಗಿ ೨೦೨೫ರಲ್ಲಿ ಅದನ್ನು ಮುಚ್ಚಿ ಕೆಡವತೊಡಗಿದರು. ಆ ವರ್ಷ ಅಲ್ಲಿ ಎಲ್ಲಿ ನೋಡಿದರೂ ಒಂದೇ ಮಂತ್ರ: ಕೃತಕ ಬುದ್ಧಿ. ಪಾಠ ಹೇಳುವ ಬುದ್ಧಿ, ರೋಗ ಹುಡುಕುವ ಬುದ್ಧಿ, ಹಾಡು ಕಟ್ಟುವ ಬುದ್ಧಿ. ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಕೊಂಡು ಶೂನ್ಯದಲ್ಲಿ ಕೈಯಾಡಿಸುತ್ತಿದ್ದವರ ಸಾಲನ್ನು ಮೇಷ್ಟ್ರು ಹತ್ತು ಗೆರೆಗಳಲ್ಲಿ ಬರೆದುಕೊಂಡರು. ದೃಷ್ಟಿ ತೆಗೆಯುವ ಮುದುಕಿಯರ ಸಭೆಯಂತೆ ಇತ್ತು ಆ ಚಿತ್ರ.

ಕಡೆಗೆ ನಾವು ಹುಡುಕುತ್ತಿದ್ದ ಮಳಿಗೆಗೇ ಬಂದೆವು. ಮಳಿಗೆಯ ಯುವಕ ವಿನಯಶಾಲಿ. “ನಿಮಗೆ ಬೇಕಾದುದನ್ನು ಹೇಳಿ” ಎಂದ. ಮುಖ್ಯಸ್ಥರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ನಿಧಾನವಾಗಿ, “ಹುಣಸೆಯ ಮರದ ನೆರಳಿನಲ್ಲಿ ಎತ್ತಿನ ಗಾಡಿ, ಹೊತ್ತು ಮಧ್ಯಾಹ್ನ, ಗಾಡಿಯ ಕೆಳಗೆ ಮಲಗಿದ ಹುಡುಗ” ಎಂದರು. ತರುಣಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ನಾಲ್ಕು ಚಿತ್ರಗಳು ಬಂದುವು.

ಸುಳ್ಳು ಹೇಳಬಾರದು, ಮೊದಲ ನೋಟಕ್ಕೆ ಎದೆ ಧಸಕ್ಕೆಂದಿತು. ಬಿಸಿಲು ಬಿಸಿಲಿನಂತೆಯೇ ಇತ್ತು. ನೆಲದ ಧೂಳು ಕೈಗೆ ಅಂಟುವಂತಿತ್ತು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಹತ್ತಿರ ಬಾಗಿದರು. “ಬೆಳಕು ಚೆನ್ನಾಗಿದೆ. ನನ್ನ ಹುಡುಗರಲ್ಲಿ ಇಬ್ಬರಿಗೆ ಇಂಥ ಬೆಳಕು ಇನ್ನೂ ಬಾರದು” ಎಂದರು. ಆಮೇಲೆ ಬೆರಳಿನಿಂದ ಒಂದೊಂದಾಗಿ ತೋರಿಸಿದರು. ಮರ ಹುಣಸೆಯದಲ್ಲ, ಅಲ್ಲಿಯ ಓಕ್ ಮರ. ನೊಗ ಎತ್ತಿನ ಹೆಗಲ ಮೇಲಿರದೆ ಕುದುರೆಯ ಪಟ್ಟಿಯಂತೆ ಎದೆಗೆ ಬಿಗಿದಿತ್ತು. ಇನ್ನೊಂದು ಚಿತ್ರದಲ್ಲಿ ಎತ್ತು ಗಾಡಿಗೆ ಬೆನ್ನು ಮಾಡುವ ಬದಲು ಮುಖ ಮಾಡಿತ್ತು. ಮಲಗಿದ ಹುಡುಗನ ಒಂದು ಕೈಗೆ ಆರು ಬೆರಳು. “ನೊಗ ಹೀಗೆ ಕಟ್ಟಿದರೆ ಗಾಡಿ ಹೊರಡುವುದಿಲ್ಲ. ನಮ್ಮ ಪುಸ್ತಕ ಓದುವ ಹುಡುಗ ಹಳ್ಳಿಯವನಾದರೆ ನಗುತ್ತಾನೆ, ಪಟ್ಟಣದವನಾದರೆ ನಂಬುತ್ತಾನೆ. ಎರಡನೆಯದೇ ಕಷ್ಟ.”

“ಮುಂದಿನ ವರ್ಷಕ್ಕೆ ಅದೆಲ್ಲ ಸರಿಹೋಗುತ್ತದೆ” ಎಂದ ಯುವಕ. ಹೋಗುತ್ತದೆಂದೇ ನನಗೂ ತೋರಿತು. ಆರನೆಯ ಬೆರಳನ್ನು ನೆಚ್ಚಿಕೊಂಡು ಎಂಟು ಸಂಸಾರಗಳು ಬದುಕಲಾರವು.

ಆ ರಾತ್ರಿ ವಸತಿಗೃಹದಲ್ಲಿ ತರುಣಿ ನಮಗೆ ಯಂತ್ರದ ಒಳಗನ್ನು ತಿಳಿಯಹೇಳಿದಳು. ಕೋಟ್ಯಂತರ ಚಿತ್ರಗಳನ್ನೂ ಅವುಗಳ ಕೆಳಗಿನ ವಿವರಣೆಗಳನ್ನೂ ಅದಕ್ಕೆ ಉಣಿಸಿರುತ್ತಾರೆ. ಕಲಿಸುವಾಗ ಒಂದು ಚಿತ್ರದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮರಳು ಎರಚಿದಂತೆ ಚುಕ್ಕೆಗಳನ್ನು ಚೆಲ್ಲಿ, ಆ ಚುಕ್ಕೆಗಳನ್ನು ತೆಗೆಯುವುದನ್ನು ಯಂತ್ರಕ್ಕೆ ಅಭ್ಯಾಸ ಮಾಡಿಸುತ್ತಾರೆ. ಚೆನ್ನಾಗಿ ಪಳಗಿದ ಮೇಲೆ ಬರಿಯ ಮರಳನ್ನೇ ಮುಂದಿಟ್ಟು, ‘ಇದರೊಳಗೆ ಎತ್ತಿನ ಗಾಡಿಯಿದೆ, ಹುಡುಕು’ ಎಂದರೆ ಅದು ಚುಕ್ಕೆಗಳನ್ನು ಸರಿಸುತ್ತ ಸರಿಸುತ್ತ ಇಲ್ಲದ ಗಾಡಿಯನ್ನು ಹುಡುಕಿ ತೆಗೆಯುತ್ತದೆ. ಗಾಡಿಯೆಂದರೇನೆಂದು ಅದಕ್ಕೆ ತಿಳಿಯದು. ಗಾಡಿಗಳ ಚಿತ್ರಗಳು ಹೇಗಿರುತ್ತವೆಂಬುದು ಮಾತ್ರ ತಿಳಿದಿದೆ.

ಮೇಷ್ಟ್ರು ಎಲ್ಲವನ್ನೂ ಕೇಳಿ, “ಆ ಕೋಟಿ ಚಿತ್ರ ಬರೆದವರಿಗೆ ಏನು ಕೊಟ್ಟರಮ್ಮ?” ಎಂದರು.

“ಹೆಚ್ಚಿನವರಿಗೆ ಏನೂ ಕೊಡಲಿಲ್ಲ ಮೇಷ್ಟ್ರೇ. ಕೆಲವು ಚಿತ್ರಕಾರರು ಹೋದ ವರ್ಷ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಿದ್ದಾರೆ.”

“ಕೇಳದೆ ತೆಗೆದುಕೊಂಡರೆ ನಮ್ಮ ಕಡೆ ಅದಕ್ಕೆ ಬೇರೆ ಹೆಸರಿದೆ” ಎಂದು ಅವರು ದೀಪವಾರಿಸಲು ಎದ್ದರು.

ಎರಡು ದಿನಗಳಾದ ಮೇಲೆ ಪ್ಯಾರಮೌಂಟ್ ಎಂಬ ಚಿತ್ರಮಂದಿರಕ್ಕೆ ಹೋದೆವು. ೧೯೧೫ರಲ್ಲಿ ನಾಟಕ, ಗಾನ, ವಿನೋದಗಳಿಗಾಗಿ ಕಟ್ಟಿದ ಸೊಗಸಾದ ಮಂದಿರ. ಚಿತ್ರಕ್ಕೆ ಮುಂಚೆ ಉತ್ಸವದವರೇ ಸಿದ್ಧಪಡಿಸಿದ ಒಂದು ತುಣುಕನ್ನು ತೋರಿಸಿದರು. ಆ ವಾರದ ಭಾಷಣಕಾರರು ಕೃತಕ ಬುದ್ಧಿಯನ್ನು ಕೊಂಡಾಡಿದ ಮಾತುಗಳ ಮಾಲೆ ಅದು. ಒಂದೆರಡು ಕ್ಷಣ ಮೌನ. ಆಮೇಲೆ ಮಹಡಿಯಿಂದಲೋ ಕೆಳಗಿನಿಂದಲೋ ಒಬ್ಬ ‘ಬೂ’ ಎಂದ. ಇನ್ನೊಬ್ಬ ಸೇರಿದ. ಮುಗಿಯುವಷ್ಟರಲ್ಲಿ ಮಂದಿರವೆಲ್ಲ ಗದರಿಸುತ್ತಿತ್ತು. ಈ ಜನ ಹಳೆಯ ಕಾಲದ ಗೊಡ್ಡುಗಳಲ್ಲ; ಹೊಸತನ್ನು ನೋಡಲೆಂದೇ ಸಾವಿರಾರು ಮೈಲಿ ಬಂದವರು, ಅವರಲ್ಲಿ ಎಷ್ಟೋ ಜನ ಚಿತ್ರ ತೆಗೆಯುವವರು, ಬರೆಯುವವರು. ಹಿಂದಿನ ವರ್ಷವಷ್ಟೆ ಹಾಲಿವುಡ್ಡಿನ ಬರೆಹಗಾರರೂ ನಟರೂ ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರು. ಈ ಯಂತ್ರಗಳ ವಿಷಯವೂ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು. ನನ್ನ ಪಕ್ಕದಲ್ಲಿ ಮುಖ್ಯಸ್ಥರು ಕೂಗಲೂ ಇಲ್ಲ, ಚಪ್ಪಾಳೆ ತಟ್ಟಲೂ ಇಲ್ಲ. ಮೇಷ್ಟ್ರೂ ಕೂಗಲಿಲ್ಲ. “ಪಾಪ, ಯಾರೋ ಹುಡುಗರು ಕಷ್ಟಪಟ್ಟು ಜೋಡಿಸಿರಬೇಕು” ಎಂದು ಪಿಸುಗುಟ್ಟಿದರು.

ಆ ವರ್ಷದ ಉತ್ಸವಕ್ಕೆ ಇನ್ನೊಂದು ಕಹಿಯೂ ಇತ್ತು. ಅಮೆರಿಕದ ಸೇನೆ ಅದರ ಪೋಷಕರಲ್ಲೊಂದಾಗಿದ್ದುದನ್ನು ಗಾಜಾದ ಯುದ್ಧದ ಕಾರಣ ವಿರೋಧಿಸಿ ಎಂಬತ್ತಕ್ಕೂ ಮಿಕ್ಕ ಗಾಯಕತಂಡಗಳು ಹಿಂದೆ ಸರಿದುವು. ಮುಂದಿನ ವರ್ಷಕ್ಕೆ ಸೇನೆಯ ಪೋಷಕತ್ವವಿರುವುದಿಲ್ಲವೆಂದು ಆ ಜೂನಿನಲ್ಲಿ ಉತ್ಸವದವರು ಸಾರಿದರು. ಆದರೂ ಆರನೆಯ ಬೀದಿಯಲ್ಲಿ ಸಂಗೀತಕ್ಕೆ ಬರವಿರಲಿಲ್ಲ. ವಾಹನಗಳನ್ನು ತಡೆದು ಜನರಿಗೆ ಬಿಟ್ಟುಕೊಟ್ಟ ಆ ಬೀದಿಯಲ್ಲಿ ಪ್ರತಿ ಬಾಗಿಲಿನಿಂದಲೂ ಒಂದೊಂದು ಹಾಡು ಹೊರಕ್ಕೆ ಚೆಲ್ಲುತ್ತಿತ್ತು. ರಾಮನವಮಿಯಲ್ಲಿ ಒಂದು ಚಪ್ಪರದಿಂದ ಇನ್ನೊಂದು ಚಪ್ಪರಕ್ಕೆ ನಡೆದುಹೋಗುವಾಗ ಕಲ್ಯಾಣಿಯೂ ತೋಡಿಯೂ ಬೆರೆತಂತೆ ಕೇಳುತ್ತದಲ್ಲ, ಅದನ್ನು ಹತ್ತರಷ್ಟು ಗಟ್ಟಿಯಾಗಿ ಊಹಿಸಿಕೊಳ್ಳಬೇಕು. ಬೀದಿಯ ಮರಗಳಲ್ಲಿ ಗ್ರ್ಯಾಕಲ್ ಎಂಬ ಕರಿಯ ಉದ್ದಬಾಲದ ಹಕ್ಕಿಗಳು ಸಂಜೆ ಈ ಹಾಡುಗಾರರನ್ನೆಲ್ಲ ಸೋಲಿಸಿ ಕಿರುಚುತ್ತವೆ. ಮೇಷ್ಟ್ರ ಪುಸ್ತಕದಲ್ಲಿ ಹೆಚ್ಚು ಪುಟಗಳು ಅವಕ್ಕೇ ಸಂದುವು.

ಸಮ್ಮೇಳನ ಭವನದಿಂದ ಕೂಗಳತೆಯಲ್ಲಿ, ಎತ್ತರದ ಹೊಟೆಲುಗಳ ಕಾಲಡಿಯಲ್ಲಿ, ಹಳದಿ ಬಣ್ಣದ ಮರದ ಪುಟ್ಟ ಮನೆಯೊಂದಿದೆ. ನಮ್ಮ ಓದುಗರೆಲ್ಲ ಬಲ್ಲ ಕತೆಗಾರ ಓ. ಹೆನ್ರಿ ೧೮೯೦ರ ದಶಕದಲ್ಲಿ ಬಾಡಿಗೆಗಿದ್ದ ಮನೆ. ಆಗ ಅವನು ಓ. ಹೆನ್ರಿಯಲ್ಲ, ವಿಲಿಯಂ ಸಿಡ್ನಿ ಪೋರ್ಟರ್; ಮೊದಲು ಸರ್ಕಾರದ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವನು, ಆಮೇಲೆ ಬ್ಯಾಂಕಿನ ಗುಮಾಸ್ತ. ೧೮೯೪ರಲ್ಲಿ ‘ರೋಲಿಂಗ್ ಸ್ಟೋನ್’ ಎಂಬ ಹಾಸ್ಯದ ವಾರಪತ್ರಿಕೆಯನ್ನು ನಡೆಸಿ, ಬಹುಪಾಲು ತಾನೇ ಬರೆದು, ಚಿತ್ರಗಳನ್ನೂ ತಾನೇ ಹಾಕಿ, ವರ್ಷ ತುಂಬುವಷ್ಟರಲ್ಲಿ ಮುಳುಗಿಸಿದ. ವಾರಪತ್ರಿಕೆ ನಡೆಸುವುದು ಅಂದೂ ಲಾಭದ ಕಸುಬಾಗಿರಲಿಲ್ಲವೆಂದು ನಮ್ಮ ಸಂಪಾದಕರು ಸಮಾಧಾನ ತಾಳಬಹುದು. ಬ್ಯಾಂಕಿನ ಲೆಕ್ಕದ ಕೊರತೆಗಾಗಿ ಅವನ ಮೇಲೆ ಮೊಕದ್ದಮೆಯಾಗಿ ಸೆರೆಮನೆಗೂ ಹೋದ. ಓ. ಹೆನ್ರಿಯೆಂಬ ಹೆಸರು ಲೋಕಕ್ಕೆ ಗೊತ್ತಾದದ್ದು ಆ ಬಳಿಕ. ಅವನ ನೆನಪಿಗೆ ಈ ಊರಿನಲ್ಲಿ ವರ್ಷಕ್ಕೊಮ್ಮೆ ಶ್ಲೇಷೋಕ್ತಿಯ ಸ್ಪರ್ಧೆ ನಡೆಯುತ್ತದಂತೆ. ನಮ್ಮ ಕೈಲಾಸಂ ಒಮ್ಮೆ ಇತ್ತ ಬಂದಿದ್ದರೆ ಸ್ಪರ್ಧೆಯನ್ನೇ ನಿಲ್ಲಿಸಬೇಕಾಗುತ್ತಿತ್ತು.

ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಗ್ವಾಡಲೂಪ್ ಬೀದಿಯ ಮೂಲೆಯಲ್ಲಿ ನೂರ ಅರವತ್ತೈದು ಅಡಿ ಎತ್ತರದ ಕಬ್ಬಿಣದ ದೀಪಸ್ತಂಭವೊಂದು ನಿಂತಿದೆ. ‘ಬೆಳದಿಂಗಳ ಗೋಪುರ’ ಎನ್ನುತ್ತಾರೆ. ೧೮೯೪–೯೫ರಲ್ಲಿ ಇಂಥ ಮೂವತ್ತೊಂದು ಗೋಪುರಗಳನ್ನು ನೆಟ್ಟು, ಪ್ರತಿಯೊಂದರ ತುದಿಯಲ್ಲಿ ಆರು ವಿದ್ಯುತ್ ದೀಪಗಳನ್ನಿಟ್ಟು ಊರಿಗೆಲ್ಲ ಬೆಳಕು ಸುರಿಸಿದರು. ಇಷ್ಟು ಬೆಳಕಾದರೆ ರಾತ್ರಿಯೂ ಪೈರು ಬೆಳೆದು ಕೆಡುವುದೆಂದು ಕೆಲವರು ಹೆದರಿದ್ದರೆಂದು ಹೇಳುತ್ತಾರೆ. ಪೈರು ಕೆಡಲಿಲ್ಲ. ಕೆಟ್ಟದ್ದು ಕೊಲೊರಾಡೊ ನದಿಗೆ ಕಟ್ಟಿದ್ದ ಅಣೆಕಟ್ಟು. ೧೯೦೦ರ ಏಪ್ರಿಲ್ಲಿನ ಪ್ರವಾಹಕ್ಕೆ ಅದು ಒಡೆದು ಊರು ಮತ್ತೆ ಕತ್ತಲಾಯಿತು. ನಮ್ಮ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಗಣಿಗೂ ೧೯೦೫ರಲ್ಲಿ ಬೆಂಗಳೂರಿನ ಬೀದಿಗೂ ಬಂದದ್ದನ್ನು ನೆನೆದರೆ, ಆ ಎರಡು ಊರುಗಳಿಗೂ ಹೆಚ್ಚು ಕಡಮೆ ಒಂದೇ ಕಾಲದಲ್ಲಿ ಬೆಳಗಾಯಿತೆನ್ನಬೇಕು. ಆ ಗೋಪುರಗಳಲ್ಲಿ ಕೆಲವು ಈಗಲೂ ಉರಿಯುತ್ತವೆ. ಪ್ರಪಂಚದಲ್ಲಿ ಬೇರೆಲ್ಲಿಯೂ ಅವು ಉಳಿದಿಲ್ಲ.

ಆಸ್ಟಿನ್ನಿಗೆ ಬಂದ ಕನ್ನಡಿಗನು ವಿಶ್ವವಿದ್ಯಾನಿಲಯಕ್ಕೆ ಹೋಗದೆ ಹಿಂದಿರುಗಬಾರದು. ಹಾಸನದಲ್ಲಿ ೧೯೦೮ರಲ್ಲಿ ಹುಟ್ಟಿ, ಕನ್ನಡನಾಡಿನ ಹಳ್ಳಿಯೊಂದನ್ನು ‘ಕಾಂತಾಪುರ’ ಎಂಬ ೧೯೩೮ರ ಕಾದಂಬರಿಯಲ್ಲಿ ಲೋಕಕ್ಕೆ ಪರಿಚಯಿಸಿದ ರಾಜಾರಾವ್ ಅವರು ೧೯೬೬ರಿಂದ ಇಲ್ಲಿ ಹಲವು ವರ್ಷ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ೨೦೦೬ರಲ್ಲಿ ಕಣ್ಣು ಮುಚ್ಚಿದ್ದೂ ಇದೇ ಊರಿನಲ್ಲಿ. ಕತೆ ಹೇಳುವ ಅಜ್ಜಿಯ ಕನ್ನಡದ ಓಟವನ್ನು ಇಂಗ್ಲಿಷಿನೊಳಗೆ ಇಳಿಸಿದವರು ಅವರು. ಅವರ ಕಾಗದಪತ್ರಗಳು ಇಲ್ಲಿಯ ಹ್ಯಾರಿ ರ್‍ಯಾನ್ಸಮ್ ಕೇಂದ್ರದಲ್ಲಿ ಇವೆ. ಹಾಸನದ ಒಬ್ಬ ಹುಡುಗನ ಬರೆಹ ಟೆಕ್ಸಾಸಿನಲ್ಲಿ ಭದ್ರವಾಗಿ ಮಲಗಿದೆಯೆಂದು ನೆನೆದಾಗ ಸಂತೋಷವೂ ಆಯಿತು, ಸಣ್ಣದೊಂದು ನೋವೂ ಆಯಿತು.

ಆದರೆ ಅದೇ ಕೇಂದ್ರದ ಮುಂದಿನ ಹಜಾರದಲ್ಲಿ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದ ವಸ್ತು ಬೇರೆ. ಗುಟೆನ್‌ಬರ್ಗನ ಬೈಬಲ್ಲನ್ನು ಅವರು ಭಕ್ತಿಯಿಂದಲೇ ನೋಡಿದರು. ಅದರಾಚೆ ಕತ್ತಲೆಯ ಗೂಡಿನಂಥ ಜಾಗದಲ್ಲಿ ಒಂದು ಲೋಹದ ತಗಡು. ಫ್ರಾನ್ಸಿನ ನಿಯೆಪ್ಸ್ ಎಂಬವನು ೧೮೨೬–೨೭ರ ವೇಳೆಗೆ ತನ್ನ ಮನೆಯ ಮಹಡಿಯ ಕಿಟಕಿಯಿಂದ ಹಿಡಿದ ನೋಟ; ಉಳಿದುಬಂದಿರುವ ಛಾಯಾಚಿತ್ರಗಳಲ್ಲಿ ಅತ್ಯಂತ ಹಳೆಯದು. ನೇರ ನಿಂತರೆ ಬರಿಯ ತಗಡು. ಸ್ವಲ್ಪ ಪಕ್ಕಕ್ಕೆ ಸರಿದು, ಸ್ವಲ್ಪ ಬಾಗಿದರೆ, ಒಂದು ಇಳಿಜಾರಿನ ಮಾಡು, ಒಂದು ಗೋಪುರ, ನೀರಿನಲ್ಲಿ ನೆನೆದಂತೆ ಮೂಡುತ್ತವೆ. ತಗಡಿನ ಮೇಲೆ ಬೆಳಕು ಬೀಳಲು ಎಷ್ಟೋ ಗಂಟೆಗಳು, ಬಹುಶಃ ದಿನಗಳೇ ಬೇಕಾದ್ದರಿಂದ, ಸೂರ್ಯ ಈ ಕಡೆಯಿಂದ ಆ ಕಡೆಗೆ ಸಂಚರಿಸಿ ಎರಡು ಬದಿಯ ಗೋಡೆಗಳಿಗೂ ಬಿಸಿಲು ಬಿದ್ದಿದೆ. ಮೇಷ್ಟ್ರು ಇದನ್ನು ನಾವು ಹೇಳುವ ಮೊದಲೇ ಗುರುತಿಸಿದರು. “ಎರಡು ಕಡೆಗೂ ಬಿಸಿಲು! ನಾನು ಹೀಗೆ ಬರೆದಿದ್ದರೆ ನಮ್ಮ ಗುರುಗಳು ಕಿವಿ ಹಿಂಡುತ್ತಿದ್ದರು.”

ಹೊರಗೆ ಬಂದು ಓಕ್ ಮರದ ಕೆಳಗೆ ಕುಳಿತಾಗ ಅವರು ತಾವಾಗಿಯೇ ಮಾತಿಗೆ ತೊಡಗಿದರು. ಅಷ್ಟು ದಿನ ಅವರು ಆಡಿದ ಮಾತುಗಳೆಲ್ಲ ಸೇರಿದರೂ ಅಷ್ಟಾಗಿರಲಾರವು. ಅವರ ತಂದೆ ದಾವಣಗೆರೆಯ ಸ್ಟುಡಿಯೋ ಒಂದರಲ್ಲಿ ಕಪ್ಪುಬಿಳುಪಿನ ಛಾಯಾಚಿತ್ರಗಳಿಗೆ ಕೈಯಿಂದ ಬಣ್ಣ ಹಾಕುತ್ತಿದ್ದವರು. ಮದುವೆಯ ಹೆಣ್ಣಿನ ಸೀರೆಯ ಅಂಚಿಗೆ ಯಾವ ಬಣ್ಣವೆಂದು ಮನೆಯವರನ್ನು ಕೇಳಿ ಬರೆದುಕೊಂಡು, ಕೂದಲೆಳೆಯಂಥ ಕುಂಚದಿಂದ ತುಂಬುವರು. ಬಣ್ಣದ ಫಿಲ್ಮು ಬಂದಿತು. ಮೂರು ವರ್ಷಗಳಲ್ಲಿ ಕೆಲಸ ನಿಂತಿತು. “ಛಾಯಾಚಿತ್ರ ಬಂದಾಗ ಚಿತ್ರಕಾರರೆಲ್ಲ ಹೋದರೆಂದರು, ಹೋಗಲಿಲ್ಲವೆಂದು ಈಗ ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ದೊಡ್ಡವರು ಹೋಗಲಿಲ್ಲ ಸಾರ್. ಸಣ್ಣ ಭಾವಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದವರು ಹೋದರು. ನಮ್ಮಪ್ಪ ಆಮೇಲೆ ಹತ್ತಿಯ ಗಿರಣಿಯಲ್ಲಿ ಲೆಕ್ಕ ಬರೆದರು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಲೆಕ್ಕದ ಪುಸ್ತಕದ ಅಂಚಿನಲ್ಲೆಲ್ಲ ಹೂಬಳ್ಳಿ.”

ಮುಖ್ಯಸ್ಥರು ಬಹಳ ಹೊತ್ತು ಮಾತಾಡಲಿಲ್ಲ. ಮೇಷ್ಟ್ರು ಕರುಣೆಯನ್ನು ಬೇಡುತ್ತಿರಲಿಲ್ಲ. ಅದು ಅವರ ಧ್ವನಿಯಲ್ಲಿಯೇ ತಿಳಿಯುತ್ತಿತ್ತು.

ಕೊನೆಯ ಸಂಜೆ ನದಿಯ ಸೇತುವೆಗೆ ಹೋದೆವು. ೧೯೮೦ರಲ್ಲಿ ಕಾಂಗ್ರೆಸ್ ಬೀದಿಯ ಸೇತುವೆಯನ್ನು ಪುನಃ ಕಟ್ಟಿದಾಗ ಅದರಡಿಯ ಸಂದುಗಳು ಬಾವಲಿಗಳಿಗೆ ಹೇಳಿ ಮಾಡಿಸಿದಂತಾದುವು. ಮೆಕ್ಸಿಕೋ ಕಡೆಯಿಂದ ವಸಂತದಲ್ಲಿ ಬರುವ ಇವುಗಳ ಸಂಖ್ಯೆ ಬೇಸಗೆಯ ಉತ್ತುಂಗದಲ್ಲಿ ಹದಿನೈದು ಲಕ್ಷವನ್ನು ಮುಟ್ಟುವುದೆಂದು ಅಂದಾಜು. ಮೊದಲು ಊರಿನವರು ಬೆದರಿ ಅವುಗಳನ್ನು ಕೊಲ್ಲಿಸಬೇಕೆಂದಿದ್ದರು. ಮರ್ಲಿನ್ ಟಟ್ಲ್ ಎಂಬ ಬಾವಲಿತಜ್ಞರು ೧೯೮೬ರಲ್ಲಿ ತಮ್ಮ ಸಂಸ್ಥೆಯನ್ನೇ ಈ ಊರಿಗೆ ಸಾಗಿಸಿ, ಇವು ರಾತ್ರಿಯೊಂದರಲ್ಲಿ ಟನ್ನುಗಟ್ಟಲೆ ಕೀಟಗಳನ್ನು ತಿನ್ನುತ್ತವೆಂದು ಜನರಿಗೆ ತಿಳಿಯಹೇಳಿದರು. ಇಂದು ಜನ ದಂಡೆಯಲ್ಲಿ ಜಮಖಾನೆ ಹಾಸಿಕೊಂಡು ಕಾಯುತ್ತಾರೆ. ಮಾರ್ಚ್ ತಿಂಗಳಾದ್ದರಿಂದ ಪೂರ್ತಿ ಸಂಸಾರ ಬಂದಿರಲಿಲ್ಲ. ಆದರೂ ಹೊತ್ತು ಮುಳುಗಿದ ಮೇಲೆ ಸೇತುವೆಯ ಕೆಳಗಿನಿಂದ ಒಂದು ಹೊಗೆಯ ಎಳೆ ಹೊರಟು, ಪೂರ್ವದ ಕಡೆಗೆ ನೀರಿನ ಮೇಲೆ ತೇಲಿತು. ಮೇಷ್ಟ್ರು ಪೆನ್ಸಿಲ್ ತೆಗೆದರು. ಬೆಳಕು ಸಾಲದೆ ಮತ್ತೆ ಜೇಬಿಗಿಟ್ಟರು.

ಅಲ್ಲಿಯೇ, ಕಟಕಟೆಗೆ ಒರಗಿ ನಿಂತು, ಮುಖ್ಯಸ್ಥರು ಕೇಳಿದರು: “ಯಂತ್ರವನ್ನು ತೆಗೆದುಕೊಳ್ಳುವುದೇ ಎಂದಿಟ್ಟುಕೊಳ್ಳಿ ಮೇಷ್ಟ್ರೇ. ಅದನ್ನು ನಿಮ್ಮ ಕೈಗೇ ಕೊಟ್ಟರೆ ಏನು ಮಾಡುತ್ತೀರಿ?”

ಮೇಷ್ಟ್ರು ತಡಮಾಡಲಿಲ್ಲ, ಆ ಪ್ರಶ್ನೆಗೆ ಎಂಟು ದಿನಗಳಿಂದ ಉತ್ತರ ಸಿದ್ಧವಿತ್ತೆಂದು ತೋರುತ್ತದೆ. “ಆಕಾಶ, ಬೆಟ್ಟ, ಗೋಡೆ ಅದಕ್ಕೆ ಬಿಡುತ್ತೇನೆ. ಮನುಷ್ಯ, ದನ, ಮರ, ಮನೆಯ ಸಾಮಾನು ನಮ್ಮ ಹುಡುಗರು ಬರೆಯಲಿ. ಯಾವ ಚಿತ್ರ ಯಾರ ಕೈಯದೆಂದು ಪುಸ್ತಕದಲ್ಲಿ ಅಚ್ಚಾಗಲಿ. ಯಂತ್ರದ್ದಾದರೆ ಯಂತ್ರದ್ದೆಂದೇ ಅಚ್ಚಾಗಲಿ.”

“ಎಂಟು ಜನರಿಗೆ ಅಷ್ಟು ಕೆಲಸವಿರುತ್ತದೆಯೆ?” ಎಂದರು ಮುಖ್ಯಸ್ಥರು.

“ಇರುವುದಿಲ್ಲ” ಎಂದರು ಮೇಷ್ಟ್ರು. “ಆರು ಜನರಿಗೆ ಇರುತ್ತದೆ. ಇಬ್ಬರಿಗೆ ಒಂದು ವರ್ಷ ಕಾಲ ಕೊಡಿ, ಬೇರೆ ದಾರಿ ನೋಡಿಕೊಳ್ಳಲಿ. ನಮ್ಮಪ್ಪನಿಗೆ ಯಾರೂ ಒಂದು ತಿಂಗಳೂ ಕೊಡಲಿಲ್ಲ.”

ತರುಣಿ ನದಿಯ ಕಡೆ ಮುಖ ತಿರುಗಿಸಿ ನಿಂತಿದ್ದಳು. ಕೆಳಗಿನ ದೋಣಿಗಳಲ್ಲ���ದ್ದವರು ಬಾವಲಿಗಳಿಗೆ ಚಪ್ಪಾಳೆ ತಟ್ಟುತ್ತಿದ್ದರು.

ಮುಖ್ಯಸ್ಥರು ಆ ಮಾತನ್ನು ನಡೆಸಿಕೊಟ್ಟರು. ಇಬ್ಬರಲ್ಲಿ ಒಬ್ಬನು ವರ್ಷ ತುಂಬುವ ಮೊದಲೇ ಮೈಸೂರಿನ ಶಾಲೆಯೊಂದರಲ್ಲಿ ಚಿತ್ರಕಲೆಯ ಅಧ್ಯಾಪಕನಾದನು. ಇನ್ನೊಬ್ಬಾಕೆ ಇಂಜಿನಿಯರ್ ತರುಣಿಯ ಬಳಿ ಯಂತ್ರದ ಕೆಲಸವನ್ನೇ ಕಲಿಯುತ್ತಿದ್ದಾಳೆ. ನಾಲ್ಕನೆಯ ತರಗತಿಯ ನಮ್ಮ ಪುಸ್ತಕದ ಮೂವತ್ತೊಂದನೆಯ ಪುಟದಲ್ಲಿ ಹುಣಸೆಯ ಮರದ ಕೆಳಗೆ ಒಂದು ಎತ್ತಿನ ಗಾಡಿಯಿದೆ. ಆಕಾಶ ಯಂತ್ರದ್ದು, ಗಾಡಿ ಮೇಷ್ಟ್ರದು. ಕೊಂಬೆಯ ಮೇಲೆ ಕುಳಿತಿರುವ ಉದ್ದಬಾಲದ ಕರಿಯ ಹಕ್ಕಿ ನಮ್ಮ ದೇಶದ್ದಲ್ಲವೆಂದು ತುಮಕೂರಿನಿಂದ ಒಬ್ಬ ವಿದ್ಯಾರ್ಥಿ ಕಾಗದ ಬರೆದಿದ್ದಾನೆ.